ಸೊಂಟದಲ್ಲಿ ನಿಂಬೆಹಣ್ಣು, ಕೈಯಲ್ಲಿ ಕತ್ತಿ

ಕಣ್ಣಿಗೆ ಡಬ್ಬ ಕಟ್ಟಿಕೊಂಡು ಕತ್ತಿ ಬೀಸುವ ಆಟ ಕಲಿಯಬೇಕೆಂದಿರುವ ಹೆಂಗಸರಿಗೆ ನನ್ನ ಮೊದಲ ಮಾತು: ತುರುಬು ಬಿಚ್ಚಿ ಜಡೆ ಹಾಕಿಕೊಳ್ಳಿ. ತುರುಬಿದ್ದರೆ ಡಬ್ಬದ ಪಟ್ಟಿ ತಲೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಯುದ್ಧದ ನಡುವೆ ಮೂಗಿನ ಮೇಲೆ ಜಾರುತ್ತದೆ. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಗಂಡ ಕಾಫಿ ಲೋಟ ಹಿಡಿದು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಕಲಿಸಲು ಕೂತಿದ್ದ ಮಗಳಿಗೆ ತುರುಬೂ ಇಲ್ಲ, ಸೀರೆಯೂ ಇಲ್ಲ, ಗಂಡನೂ ಇಲ್ಲ.

ಮಗಳು ಸತ್ಯಮಂಗಲದ ಕಾಲೇಜಿನಲ್ಲಿ ಓದುತ್ತಾಳೆ, ಅಲ್ಲೇ ಹಾಸ್ಟೆಲು. ಆ ಸಲ ರಜೆಗೆ ನಮ್ಮೂರು ಪಣಕಹಳ್ಳಿಗೆ ಬಂದಾಗ ಬಟ್ಟೆಯ ಚೀಲದ ಜೊತೆ ಒಂದು ಬಿಳಿ ಡಬ್ಬವನ್ನೂ ತಂದಿದ್ದಳು. ಕೋಣೆಯ ಗೆಳತಿಯದಂತೆ. ಆ ಹುಡುಗಿ ನೆಂಟರ ಜೊತೆ ದೂರದ ಊರಿಗೆ ಹೊರಟಿದ್ದರಿಂದ ರಜೆ ಮುಗಿಯುವವರೆಗೆ ನೀನೇ ಇಟ್ಟುಕೋ ಎಂದು ಕೊಟ್ಟಳಂತೆ. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಾಡುವಾಗಲೂ ಅದನ್ನು ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಾಳೆ. ವಿ.ಆರ್. ಎಂದಳು. ಕಣ್ಣಿಗೆ ಕಟ್ಟಿಕೊಂಡರೆ ನಮ್ಮ ನಡುಮನೆ ಮಾಯವಾಗಿ ಬೇರೊಂದು ಲೋಕ ಕಾಣುತ್ತದೆ, ಎರಡು ಕೈಗೆ ಎರಡು ಹಿಡಿಗಳಿವೆ, ಒಳಗೆ ಹೋದರೆ ಆ ಹಿಡಿಯೇ ಕತ್ತಿಯಾಗುತ್ತದೆ ಎಂದಳು.

"ಒಂದ್ಸಲ ಆಕೊಂಡು ನೋಡವ್ವ."

"ದನಕ್ಕೆ ಮೇವ್ ಆಕ್ಬೇಕು, ರಾಗಿ ಕೇರ್ಬೇಕು. ನಿಂಗೆ ಆಟ ಕಣಮ್ಮಿ."

"ಒಂದೇ ಸಲ ಕಣವ್ವ."

ಹಾಕಿಕೊಂಡೆ. ಒಳಗೆ ಕಲ್ಲು ಹಾಸಿದ ಅಂಗಳ, ಸುತ್ತ ಬೆಟ್ಟ. ನಮ್ಮ ಬೆಟ್ಟಕ್ಕಿಂತ ಚೆನ್ನಾಗೇನೂ ಇರಲಿಲ್ಲ, ಮರವೂ ಕಡಿಮೆ. ಎದುರಿಗೆ ಅಡಿಯಿಂದ ಮುಡಿಯವರೆಗೆ ತಗಡು ತೊಟ್ಟ ಒಬ್ಬ ಆಳು ನಿಂತಿದ್ದ. ಅವನಿಗೆ ಆಗಲೇ ತಗಡಪ್ಪ ಎಂದು ಹೆಸರಿಟ್ಟೆ. ತಗಡಪ್ಪ ಕತ್ತಿ ಎತ್ತಿದ. ನಾನು ಕಿರುಚಿಕೊಂಡು, ಜೋಳದ ಹೊಲಕ್ಕೆ ನುಗ್ಗಿದ ಹಂದಿಯನ್ನು ಅಟ್ಟುವ ಹಾಗೆ ಎರಡೂ ಕೈಯಲ್ಲಿ ಸಿಕ್ಕಸಿಕ್ಕ ಕಡೆ ಬೀಸಿದೆ. ಬಲಗೈಯ ಹಿಡಿ ಬೆವರಿಗೆ ಜಾರಿ ಹಾರಿಹೋಯಿತು. ಡಬ್ಬ ಕಿತ್ತು ನೋಡಿದರೆ ಅದು ಮೂಲೆಯಲ್ಲಿದ್ದ ರಾಗಿ ಹಿಟ್ಟಿನ ಮೊರದಲ್ಲಿ ಅರ್ಧ ಹೂತು ಕೂತಿದೆ, ಎಡಗೈ ತಗುಲಿ ಗಂಡನ ಅಂಗಿಯ ತುಂಬ ಕಾಫಿ ಚೆಲ್ಲಿದೆ. ಅಷ್ಟರಲ್ಲಿ ಒಳಗೆ ತಗಡಪ್ಪ ನನ್ನನ್ನು ಕೊಂದು ಮುಗಿಸಿದ್ದ.

"ದಾರ ಕೈಗ್ ಆಕೊ ಅಂದಿದ್ನಲ್ಲವ್ವ!" ಎಂದು ಮಗಳು ತಲೆ ಚಚ್ಚಿಕೊಂಡಳು. ಹಿಡಿಯ ತುದಿಯಲ್ಲಿ ಮಣಿಕಟ್ಟಿಗೆ ಹಾಕಿಕೊಳ್ಳಲು ಒಂದು ದಾರ ಇರುತ್ತದೆ. ಹೊಸಬರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಗಂಡ ಅಂಗಿ ಒರೆಸಿಕೊಂಡು, "ನಾಳಿಂದ ಜಗುಲೀಲೇ ಕುಡ್ಕೋತೀನಿ ಬುಡು" ಎಂದರು. ಅವರು ಜಗಳಕ್ಕೆ ಬರುವವರಲ್ಲ. ನಮ್ಮ ಮನೆಯಲ್ಲಿ ಜಗಳದ ಇಲಾಖೆ ಪೂರ್ತಿ ನನ್ನದು.

ತಗಡಿನವನ ಕೈಯಲ್ಲಿ ಸಾಯುವುದೆಂದರೆ ನನಗೆ ಮೈ ಉರಿಯಿತು. ಮಾರನೆಯ ದಿನ ಮೇವು ಹಾಕಿ ಬಂದವಳೇ ಜಡೆ ಹೆಣೆದುಕೊಂಡು ಮಗಳ ಮುಂದೆ ನಿಂತೆ. ಅವಳಿಗೆ ಆಶ್ಚರ್ಯ. "ಪಯಿರ್ಚಿ ಮಾಡದಾದ್ರೆ ದಿನಾ ಮಾಡ್ಬೇಕು, ಸುಮ್ನೆ ಅಲ್ಲ" ಎಂದಳು. ಅವಳು ಓದಿದ್ದು ತಮಿಳು ಶಾಲೆ, ಅಭ್ಯಾಸ ಎನ್ನುವುದಕ್ಕೆ ಅವಳ ಬಾಯಿಗೆ ಬರುವುದು ಪಯಿರ್ಚಿಯೇ. ನಾನು ತಾಳವಾಡಿಯ ಕನ್ನಡ ಶಾಲೆಯವಳು. ಆದರೂ ಆ ರಜೆಯಲ್ಲಿ ನಮ್ಮ ಮನೆಯಲ್ಲಿ ಪಯಿರ್ಚಿ ಎಂದರೆ ಕತ್ತಿ ಎಂದೇ ಆಗಿಹೋಯಿತು.

ಮೊದಲು ಜಾಗದ ತಕರಾರು. ಮನೆ ಮುಂದೆ ರಾಗಿ ಬಡಿಯುವ ಕಣ ಇದೆ, ಸಾರಿಸಿ ಮಟ್ಟಸ ಮಾಡಿದ್ದು, ಆನೆ ಬೇಕಾದರೂ ಕುಣಿಯಬಹುದು. ಅಲ್ಲೇ ಆಡುತ್ತೇನೆ ಎಂದೆ. ಬಿಸಿಲು ಬಿದ್ದರೆ ಡಬ್ಬದೊಳಗಿನ ಗಾಜು ಸುಟ್ಟುಹೋಗುತ್ತದೆ, ಬಯಲಲ್ಲಿ ಅದಕ್ಕೆ ನಮ್ಮ ಕೈಯೇ ಗೊತ್ತಾಗುವುದಿಲ್ಲ ಎಂದು ಮಗಳು ಬಿಡಲಿಲ್ಲ. ನಡುಮನೆಯಲ್ಲಿದ್ದ ಜೋಳದ ಮೂಟೆಗಳನ್ನು ಗೋಡೆಗೆ ಒತ್ತಿದೆವು. ತೊಲೆಗೆ ಕಟ್ಟಿದ್ದ ಬಿತ್ತನೆಯ ತೆನೆಗಳನ್ನು ಇಳಿಸಿದೆವು. ಇಷ್ಟಾದರೂ ಒಳಗೆ ಹೋದ ಮೇಲೆ ಎಲ್ಲಿದ್ದೇನೆ ಎಂಬುದೇ ಮರೆತು, ಎರಡು ಸಲ ಗೋಡೆಗೆ ಗುದ್ದಿ ಬೆರಳ ಗೆಣ್ಣು ಸುಲಿದುಕೊಂಡೆ. ಆಗ ನನಗೇ ಹೊಳೆದದ್ದು ಗೋಣಿಚೀಲ. ಒಂದು ಹಳೆಯ ಗೋಣಿಯನ್ನು ನಡುಮನೆಯ ನಟ್ಟನಡುವೆ ಹಾಸಿ ಬರಿಗಾಲಲ್ಲಿ ಅದರ ಮೇಲೆ ನಿಂತೆ. ಗೋಣಿಯ ಒರಟು ಕಾಲಿಗೆ ಸಿಗುವವರೆಗೂ ನಾನು ನಡುವೆ ಇದ್ದೇನೆ, ತಣ್ಣನೆಯ ನೆಲ ಸಿಕ್ಕಿತೆಂದರೆ ಅಂಚಿಗೆ ಬಂದಿದ್ದೇನೆ. ಕಣ್ಣನ್ನು ಡಬ್ಬಕ್ಕೆ ಕೊಟ್ಟ ಮೇಲೆ ಕಾಲೇ ಕಣ್ಣಾಗಬೇಕು. ಮಗಳು ಇದನ್ನು ಗೆಳತಿಯರಿಗೆಲ್ಲ ಫೋನಿನಲ್ಲಿ ಹೇಳಿದಳು, ತನ್ನದೇ ಉಪಾಯ ಎಂಬ ಹಾಗೆ.

ಎರಡನೆಯ ಕಾಟ ಹೊಟ್ಟೆಯದು. ದಿಂಬಂ ಇಳಿಯುವ ಬಸ್ಸಿನಲ್ಲಿ ನನಗೆ ಮೊದಲಿನಿಂದಲೂ ವಾಂತಿ. ಕಿಟಕಿ ಪಕ್ಕ ಸೀಟು, ಸೊಂಟದಲ್ಲಿ ನಿಂಬೆಹಣ್ಣು, ಇವೆರಡಿಲ್ಲದೆ ನಾನು ಸತ್ಯಮಂಗಲ ಕಂಡವಳಲ್ಲ. ಡಬ್ಬದ ಒಳಗೂ ಅದೇ ಗತಿ. ಹಿಡಿಯ ಮೇಲೆ ಒಂದು ಸಣ್ಣ ಗುಬುಟಿದೆ, ಅದನ್ನು ಹೆಬ್ಬೆರಳಿನಲ್ಲಿ ತಳ್ಳಿದರೆ ಒಳಗೆ ನಾವು ನಡೆದ ಹಾಗಾಗುತ್ತದೆ. ಕಾಲು ನಿಂತಲ್ಲೇ ಇದ್ದು ಕಣ್ಣು ಮಾತ್ರ ಓಡಿದರೆ ಹೊಟ್ಟೆ ಏನು ಮಾಡಬೇಕು ಪಾಪ. ಹಿತ್ತಲಿಗೆ ಓಡಿದೆ. "ಬೆಳ್ಳಲ್ಲಿ ನಡೀಬ್ಯಾಡ ಕಣವ್ವ, ಕಾಲಲ್ಲೇ ನಡಿ. ತಲೆ ತಿರುಗ್ತು ಅಂದ್ರೆ ತಕ್ಷಣ ತೆಗ್ದುಬುಡು, ತಡ್ಕೋಬ್ಯಾಡ" ಎಂದು ಮಗಳು ಬೆನ್ನು ನೀವಿದಳು. ಅಂದಿನಿಂದ ಗುಬುಟು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಆಡುವುದು, ಡಬ್ಬ ತೆಗೆದು ಬಾಗಿಲಾಚೆಯ ಬೆಟ್ಟ ನೋಡುವುದು, ಮತ್ತೆ ಆಡುವುದು. ನಿಂಬೆಹಣ್ಣಂತೂ ಸೊಂಟಕ್ಕೆ ಬಂತು. ಡಬ್ಬ ಮೂಗನ್ನು ಮುಚ್ಚುವುದಿಲ್ಲವಲ್ಲ, ಯುದ್ಧದ ನಡುವೆ ಒಮ್ಮೆ ಮೂಸಿ ಮುಂದುವರಿಯಬಹುದು.

ಬೀಸುವುದರಲ್ಲೂ ತಪ್ಪಿತ್ತು. ಹಿಡಿ ಪ್ಲಾಸ್ಟಿಕ್ಕು, ಹಗುರ. ಸರಸರ ಕೈ ಆಡಿಸಿದರೆ ಆಟದೊಳಗಿನ ಕತ್ತಿ ನನ್ನ ಕೈ ಹೋಗಿ ಎಷ್ಟೋ ಹೊತ್ತಾದ ಮೇಲೆ ಸೋಮಾರಿಯಂತೆ ಹಿಂದಿನಿಂದ ಬರುತ್ತದೆ. ಆಟದವರು ಕತ್ತಿಗೆ ಭಾರ ಇಟ್ಟಿದ್ದಾರೆ, ಆ ಭಾರ ಕೈಗೆ ಮಾತ್ರ ತಿಳಿಯುವುದಿಲ್ಲ. ಕಬ್ಬು ಕಡಿಯುವ ಮಚ್ಚು ಹಿಡಿದಿದ್ದೇನೆ ಎಂದುಕೊಂಡು ಭುಜದಿಂದ ಬೀಸಿದೆ. ಕತ್ತಿ ಹೇಳಿದ ಮಾತು ಕೇಳತೊಡಗಿತು. ಮೊದಲ ಅಂಗಳದ ತಗಡಪ್ಪ ಬಿದ್ದ. ಅವನು ಎಲ್ಲರಿಗೂ ಬೀಳುವವನೇ ಎಂದು ಮಗಳು ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಬ್ಬ ಬಿದ್ದರೆ ಮುಂದಿನ ಅಂಗಳ, ಅಲ್ಲಿ ಇನ್ನೊಬ್ಬ ತಗಡಪ್ಪ. ಆ ಅಂಗಳಗಳಲ್ಲಿ ನಿಂತುಹೋದೆ. ತಗಡಪ್ಪನ ಎದೆ, ಭುಜ, ತಲೆಗೆ ಏಟು ತಾಗಿದ ಹಾಗೆ ಅವನ ತಲೆಯ ಮೇಲಿನ ಕೆಂಪು ಗೆರೆ ಕಿರಿದಾಗಬೇಕು, ಅದು ಮುಗಿದರೆ ಅವನು ಮುಗಿದ. ನಾನು ಎಷ್ಟು ಹೊತ್ತು ಬಡಿದಾಡಿದರೂ ಗೆರೆ ಹಾಗೆಯೇ ಇರುತ್ತಿತ್ತು. ಮಗಳು ತನ್ನ ಮೊಬೈಲಿಗೆ ಒಳಗಿನ ಚಿತ್ರ ಬರಿಸಿಕೊಂಡು ನೋಡುತ್ತಿದ್ದವಳು ಒಮ್ಮೆ ಕೂಗಿಯೇಬಿಟ್ಟಳು.

"ಅವ್ವ! ಅವನ್ ಕತ್ತಿಗ್ ಯಾಕವ್ವ ಒಡೀತಿದ್ದೀಯೆ? ಅವನಿಗ್ ಒಡಿ!"

ಡಬ್ಬ ತೆಗೆದೆ. ಹೌದಾ ಎಂದೆ. ಮತ್ತೆ ಹಾಕಿಕೊಂಡು ನೋಡಿದೆ. ಹೌದು. ಅವನು ಕತ್ತಿ ಎತ್ತಿದ ಕಡೆಗೇ ನನ್ನ ಕತ್ತಿ ಹೋಗಿ, ಟಣ್ ಎಂದು ಕೂಡಿ, ತೃಪ್ತಿಯಿಂದ ವಾಪಸು ಬರುತ್ತಿತ್ತು. ಎದೆ ಬಾಯಿ ತೆರೆದು ನಿಂತಿದ್ದರೂ ಕೈ ಅತ್ತ ಹೋಗುತ್ತಿರಲಿಲ್ಲ. ಅದು ಯಾರ ಪಾಠ ಎಂದು ನನಗೆ ಗೊತ್ತಾದಾಗ ಗೋಣಿಯ ಮೇಲೆ ಕೂತುಬಿಟ್ಟೆ.

ನನ್ನ ಅಪ್ಪ ಬೀಸು ಕಂಸಾಳೆಯ ಗುರು. ನಮ್ಮ ಕಡೆ ಮಲೆ ಮಾದಪ್ಪನ ಒಕ್ಕಲಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಹುರಿಗೆ ಕಟ್ಟಿದ ಕಂಚಿನ ತಾಳ. ಹುರಿ ಹಿಡಿದು ತಾಳವನ್ನು ಸುತ್ತಲೂ ಬೀಸಿ, ಒಮ್ಮೆ ತನ್ನ ಬಟ್ಟಲಿಗೆ, ಒಮ್ಮೆ ಎದುರಿನವನ ಬಟ್ಟಲಿಗೆ ಬಡಿಯಬೇಕು. ಕೂತು, ಎದ್ದು, ಬಾಗಿ, ತಿರುಗಿ ಬಡಿದರೂ ಅದು ಬಟ್ಟಲಿಗೇ ಕೂಡಬೇಕು, ಎದುರಿನವನ ಮೈಗೆ ಕೂದಲೆಳೆಯೂ ತಾಗಬಾರದು. ಅಪ್ಪ ಸಂಜೆ ಹೊತ್ತು ಕಣದಲ್ಲಿ ಗಂಡುಹುಡುಗರನ್ನು ಸಾಲಾಗಿ ನಿಲ್ಲಿಸಿ ಕಲಿಸುತ್ತಿದ್ದರು. ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದೆ. ನನಗೂ ಕಲಿಸು ಎಂದಾಗಲೆಲ್ಲ, "ಎಣ್ಮಕ್ಳು ಮುಟ್ಟಂಗಿಲ್ಲ ಕಣವ್ವ" ಎನ್ನುತ್ತಿದ್ದರು, ಬಹಳ ಪ್ರೀತಿಯಿಂದ. ಪ್ರೀತಿಯಿಂದ ಹೇಳಿದರೆ ಇಲ್ಲ ಎನ್ನುವುದು ಹೂಂ ಆಗುತ್ತದೆಯೇ?

ನಾನು ಕೊಟ್ಟಿಗೆಯಲ್ಲಿ ತೆಂಗಿನ ಚಿಪ್ಪು ಇಟ್ಟುಕೊಂಡು, ಇನ್ನೊಂದು ಚಿಪ್ಪಿಗೆ ಹಗ್ಗ ಕಟ್ಟಿ ಬೀಸಿ ಕಲಿತೆ. ಎದುರಿಗೆ ಆಡಲು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಒಂದು ದಿನ ಅಪ್ಪ ಹುಲ್ಲು ತರಲು ಬಂದವರು ಬಾಗಿಲಲ್ಲಿ ನಿಂತು ನೋಡಿಬಿಟ್ಟರು. ಬೈಯುತ್ತಾರೆ ಎಂದು ಚಿಪ್ಪು ಬಚ್ಚಿಟ್ಟೆ. ಅವರು ಬೈಯಲಿಲ್ಲ. "ಮಣಿಕಟ್ಟು ಸಡ್ಲ ಬುಡು. ಎದುರ್ನವನ್ ಕೈ ನೋಡ್ಬ್ಯಾಡ, ಭುಜ ನೋಡು" ಎಂದು ಹೇಳಿ, ಹುಲ್ಲು ಹೊತ್ತು ಹೊರಟುಹೋದರು. ಅಷ್ಟೇ. ಅದಾದ ಮೇಲೂ ಕಂಸಾಳೆ ನನ್ನ ಕೈಗೆ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅದು ತಮ್ಮನಿಗೆ ಹೋಯಿತು. ಅಪ್ಪ ಎಂದರೆ ನನಗೆ ಪ್ರಾಣ, ಆದರೆ ಈ ಒಂದು ವಿಷಯಕ್ಕೆ ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ತಮ್ಮನ ಮನೆ ನಮ್ಮ ಹಿಂದಿನ ಬೀದಿ. ನಾನು ಹುಟ್ಟಿದ್ದೂ ಮದುವೆಯಾಗಿ ಬಂದದ್ದೂ ಒಂದೇ ಊರು. ಅವನೀಗ ತಂಡದ ಗುರು, ಸೋಮವಾರ ಸಂಜೆ ತಂಡ ಅವನ ಮನೆ ಮುಂದೆ ಸೇರುತ್ತದೆ. ಅಪ್ಪನ ಕಂಸಾಳೆ ಅವನ ಮನೆಯ ಗೋಡೆಯಲ್ಲಿ ಬಟ್ಟೆಚೀಲದೊಳಗೆ ನೇತಾಡುತ್ತದೆ, ಶಿವರಾತ್ರಿಗೆ ಇಳಿದು ಪೂಜೆ ಮಾಡಿಸಿಕೊಂಡು ಮತ್ತೆ ಗೋಡೆ ಹತ್ತುತ್ತದೆ. ಆಡುವುದಕ್ಕೆ ಅವನ ಬಳಿ ಬೇರೆ ಜೊತೆ ಕಂಸಾಳೆ ಇದೆ. ಒಳ್ಳೆಯವನು, ಆದರೆ ಬಾಯಿ ಜಾಸ್ತಿ. ಅದೂ ಮನೆತನದ್ದೇ.

ಒಂದು ಸಂಜೆ ತಂಡದವರನ್ನು ಕಟ್ಟಿಕೊಂಡು ನಮ್ಮ ಕಣದಲ್ಲಿ ಆಡಲು ಬಂದವನು ನಡುಮನೆಗೆ ಇಣುಕಿದ.

"ಏನಕ್ಕ, ಮೂತಿಗ್ ಡಬ್ಬ ಕಟ್ಕೊಂಡು ಗ್ವಾಡೆಗ್ ಒಡೀತಾವ್ಳೆ ಅಂತ ಊರೆಲ್ಲ ಮಾತಾಡ್ತಾವ್ರೆ."

"ಗ್ವಾಡೆಗಲ್ಲ ಕಣ್ಲಾ, ತಗಡಪ್ಪಂಗೆ."

ಮಗಳು ಮೊಬೈಲಿನಲ್ಲಿ ತೋರಿಸಿದಳು. ಕೊನೆಯ ಅಂಗಳದಲ್ಲಿ ಒಬ್ಬ ದೊಡ್ಡ ತಗಡಪ್ಪ ಇದ್ದಾನೆ, ಹಾಸ್ಟೆಲಿನಲ್ಲಿ ಅವನನ್ನು ಬೀಳಿಸಿದವರು ಯಾರೂ ಇಲ್ಲ ಎಂದಳು. ತಮ್ಮ ಮೀಸೆ ನೇವರಿಸಿಕೊಂಡ. "ಇದ್ರಲ್ಲೇನದ? ಬೀಸದು ನಮ್ ರಕ್ತದಲ್ಲೇ ಅದ. ಒಂದೇ ಸಲಕ್ಕೆ ಮಲಗಿಸ್ಬುಡ್ತೀನಿ."

ನಮ್ಮ ರಕ್ತ ಎಂದದ್ದೇ ನನ್ನೊಳಗೆ ಏನೋ ಹತ್ತಿಕೊಂಡಿತು. "ನಂದೂ ಅದೇ ರಕ್ತ ಕಣ್ಲಾ. ನೀನೂ ಆಡು, ನಾನೂ ಆಡ್ತೀನಿ. ನೀ ಬೀಳಿಸಿದ್ರೆ ಶಿವರಾತ್ರಿ ಗಂಟ ನಿನ್ ತಂಡಕ್ಕೆ ಊಟ ನಂದು. ನೀ ಬೀಳಿಸ್ದೆ ನಾ ಬೀಳಿಸಿದ್ರೆ, ಅಪ್ಪನ್ ಕಂಸಾಳೆ ನನ್ ಕೈಗ್ ಕೊಟ್ಟು ನಿನ್ ಸಾಲಲ್ಲಿ ನಿಲ್ಲಿಸ್ಕೋಬೇಕು."

ಅವನ ನಗು ನಿಂತಿತು. "ಅಪ್ಪನ್ ಮಾತು ಮೀರದಾ ಅಕ್ಕ?"

"ಮಣಿಕಟ್ಟು ಸಡ್ಲ ಬುಡು ಅಂತ ನಂಗೆ ಏಳ್ಕೊಟ್ಟಿದ್ದೂ ಅಪ್ಪನೇ ಕಣ್ಲಾ."

ತಂಡದವರೆಲ್ಲ ಅವನ ಮುಖ ನೋಡಿದರು. ಅಷ್ಟು ಜನರ ಎದುರು ಆಗುವುದಿಲ್ಲ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಪಂದ್ಯ ಮಗಳು ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ಎಂದು ಗೊತ್ತು ಮಾಡಿದೆವು.

ಅಲ್ಲಿಂದ ನನಗೆ ಬೇರೆ ಲೋಕವಿಲ್ಲ. ಸೌತೆ ಬಳ್ಳಿಗೆ ನೀರು ಬಿಡುವಾಗಲೂ ಕೈ ಗಾಳಿಯಲ್ಲಿ ಆಡುತ್ತಿತ್ತು. ಕತ್ತಿಗೆ ಹೊಡೆಯುವುದನ್ನು ಬಿಟ್ಟುಬಿಡಬೇಕು ಎಂದು ಮಗಳ ವಾದ. ಬಿಡಲು ಹೋದೆ. ಬಿಟ್ಟರೆ ತಗಡಪ್ಪನ ಏಟು ನೆತ್ತಿಗೇ ಬೀಳುತ್ತಿತ್ತು. ಸತ್ತು ಸತ್ತು ಬೇಸರವಾಗಿ ಒಂದು ಮಧ್ಯಾಹ್ನ ಸುಮ್ಮನೆ ಅಪ್ಪನ ಹಾಗೆ ಆಡಿದೆ. ಅವನ ಕೈ ನೋಡಲಿಲ್ಲ, ಕತ್ತಿ ನೋಡಲಿಲ್ಲ, ಬಲಭುಜ ನೋಡಿದೆ. ಏಟು ಹೊರಡುವ ಮೊದಲು ಭುಜ ಚೂರು ಮೇಲೇಳುತ್ತದೆ. ಎದ್ದ ಕೂಡಲೇ ನನ್ನ ಕತ್ತಿ ಹೋಗಿ ಅವನದನ್ನು ಹಿಡಿಯ ಹತ್ತಿರ ಕೂಡಿತು. ತುದಿಯ ಹತ್ತಿರ ತಡೆದರೆ ಅವನ ಬಲ ನಮ್ಮ ಕತ್ತಿಯನ್ನು ತಳ್ಳಿಹಾಕುತ್ತದೆ, ಬುಡದಲ್ಲಿ ತಡೆದರೆ ಅಲ್ಲೇ ನಿಲ್ಲುತ್ತದೆ.

ಕೂಡಿದ ಮೇಲೆ ಒಂದು ಖಾಲಿ ಏಟು ಇರುತ್ತದೆ. ಕಂಸಾಳೆಯಲ್ಲಿ ಎದುರಿನವನ ಬಟ್ಟಲಿಗೆ ಬಡಿದಾದ ಮೇಲೆ ತಾಳ ನಮ್ಮ ಬಟ್ಟಲಿಗೆ ಮರಳಿ ಬರುವ ಹೊತ್ತು ಅದು. ಆ ಹೊತ್ತಿನಲ್ಲಿ ಎದುರಿನವನೂ ಖಾಲಿ, ಅವನ ಕೈಯೂ ದಾರಿಯಲ್ಲಿರುತ್ತದೆ. ನಾನು ಮಾಡುತ್ತಿದ್ದ ತಪ್ಪು ಕತ್ತಿಗೆ ಹೊಡೆದದ್ದಲ್ಲ, ಹೊಡೆದ ಮೇಲೆ ಆಟದ ಮರ್ಯಾದೆಯಿಂದ ಮನೆಗೆ ವಾಪಸು ಬಂದದ್ದು. ಆ ಸಲ ವಾಪಸು ಬರಲಿಲ್ಲ. ಅಲ್ಲಿಂದಲೇ ಅರ್ಧ ಹೆಜ್ಜೆ ಮುಂದಿಟ್ಟು ಕತ್ತಿಯ ಮೊನೆಯನ್ನು ಅವನ ಎದೆಗೆ ಒತ್ತಿದೆ. ಕೆಂಪು ಗೆರೆ ಸರಕ್ಕನೆ ಇಳಿಯಿತು.

"ಅವ್ವಾ!" ಎಂದು ಮಗಳು ಮೊಬೈಲು ಎಸೆದು ಬಂದು ಡಬ್ಬ ಸಮೇತ ನನ್ನನ್ನು ತಬ್ಬಿಕೊಂಡಳು. ಏನಾಯಿತೋ ಎಂದು ಗಂಡ ಜಗುಲಿಯಿಂದ ಓಡಿಬಂದರು. ಆಮೇಲೆ ನಡುವಿನ ಅಂಗಳದವರೆಲ್ಲ ಒಬ್ಬೊಬ್ಬರಾಗಿ ಮಲಗಿದರು. ದೊಡ್ಡ ತಗಡಪ್ಪನ ಹತ್ತಿರ ಮಾತ್ರ ಗೆರೆ ಅರ್ಧ ಇಳಿಸುವಷ್ಟರಲ್ಲಿ ನಾನು ಸಾಯುತ್ತಿದ್ದೆ. ರಜೆ ಮುಗಿಯುತ್ತಾ ಬಂತು.

ಗೊತ್ತು ಮಾಡಿದ ಸಂಜೆ ತಂಡದವರು ಮಾತ್ರವಲ್ಲ, ಅವರ ಹೆಂಡತಿಯರೂ ಬಂದರು. ಹೆಂಗಸರಿಗೆ ಜಗುಲಿಯಿಂದ ನೋಡಿ ಅಭ್ಯಾಸ, ಅವತ್ತು ನಡುಮನೆಯೊಳಗೇ ಬಂದು ಮೂಟೆಗಳ ಮೇಲೆ ಕೂತರು. ಮಗಳು ಹೇಗೋ ಮಾಡಿ ಒಳಗಿನ ಚಿತ್ರವನ್ನು ಟಿ.ವಿ.ಯಲ್ಲೇ ಬರುವ ಹಾಗೆ ಮಾಡಿದ್ದಳು. ಯಾರು ಮೊದಲು ಎಂದು ಕೇಳಿದರೆ ತಮ್ಮ, "ಗುರು ನಾನಲ್ವಾ" ಎಂದು ಮುಂದೆ ಬಂದ. ದಾರ ಹಾಕಿಕೊಂಡ, ಆದರೆ ಕಾಲಲ್ಲಿ ಗೋಣಿಯನ್ನು ಪಕ್ಕಕ್ಕೆ ತಳ್ಳಿದ.

"ಮಾವ, ಗೋಣಿ ಇರ್ಲಿ."

"ನಂಗ್ಯಾಕಮ್ಮಿ ಗೋಣಿ, ನಾನೇನ್ ರಾಗಿ ಮೂಟೆಯಾ?"

ಹೇಳಿಬಿಡುತ್ತೇನೆ, ಅವನು ಆಡಿದ ಚೆಂದ ನನಗೆ ಎಂದಿಗೂ ಬರುವುದಿಲ್ಲ. ದೊಡ್ಡ ತಗಡಪ್ಪ ಎಲ್ಲಿಂದ ಬೀಸಿದರೂ ತಮ್ಮನ ಕತ್ತಿ ಅಲ್ಲಿರುತ್ತಿತ್ತು. ಟಣ್, ಟಣ್, ಟಣ್, ತಾಳ ತಪ್ಪದೆ. ಬಾಗಿ ತಡೆದ, ಮಂಡಿಯೂರಿ ತಡೆದ. ತಂಡದವರು ಮೈಮರೆತು "ಉಘೇ ಮಾದಪ್ಪ" ಎಂದು ಕೂಗಿದರು. ಕೆಂಪು ಗೆರೆ ಮಾತ್ರ ಒಂದು ಕೂದಲಿನಷ್ಟೂ ಇಳಿಯಲಿಲ್ಲ. "ಮಾವ, ಅವನಿಗ್ ಒಡಿ, ಕತ್ತಿಗಲ್ಲ!" ಎಂದು ಮಗಳು ಕಿರುಚಿದಳು. ಅವನ ಕಿವಿಗೆ ಅದು ಬಿದ್ದರೆ ತಾನೆ. ಉಘೇ ಕೇಳಿ ಹುರುಪು ಬಂದು, ಆಟದ ನಡುವೆ ಹಾಕುವ ಸುತ್ತು ಇದೆಯಲ್ಲ, ಒಂಟಿಕಾಲಲ್ಲಿ ಗಿರ್ರನೆ ತಿರುಗಿ ಮತ್ತೆ ಎದುರಾಗುವುದು, ಅದನ್ನು ಹಾಕಿದ. ಕಂಸಾಳೆಯಲ್ಲಿ ಎದುರಿನವನು ನಮ್ಮ ಸುತ್ತು ಮುಗಿಯುವವರೆಗೆ ಕಾಯುತ್ತಾನೆ. ತಗಡಪ್ಪನಿಗೆ ಅಂಥ ಸಂಸ್ಕಾರ ಎಲ್ಲಿಂದ ಬರಬೇಕು? ಬೆನ್ನು ಕಂಡ ಕೂಡಲೇ ಮೇಲಿಂದ ಇಳಿಸಿದ. ತಮ್ಮ ದಿಕ್ಕು ತಪ್ಪಿ ಜೋಳದ ಮೂಟೆಗಳ ಮೇಲೆ, ನನ್ನ ನಾದಿನಿಯ ಅಂದರೆ ತನ್ನ ಹೆಂಡತಿಯ ಮಡಿಲಿಗೆ ಹೋಗಿ ಬಿದ್ದ. ಹೆಂಗಸರು ನಕ್ಕ ನಗು ಹಾಸನೂರಿಗೆ ಕೇಳಿಸಿರಬೇಕು.

ಗೋಣಿಯನ್ನು ಮತ್ತೆ ನಡುವಿಗೆ ಎಳೆದು ನಿಂತೆ. ಜಡೆ, ಸೆರಗು, ದಾರ, ನಿಂಬೆಹಣ್ಣು. ಡಬ್ಬ ಹಾಕಿಕೊಂಡ ಮೇಲೆ ನಗುವೆಲ್ಲ ದೂರವಾಯಿತು. ಭಯವಾಗಿತ್ತು, ಸುಳ್ಳು ಯಾಕೆ. ನಾಳೆ ಡಬ್ಬ ಬಸ್ಸು ಹತ್ತುತ್ತದೆ, ಸೋತರೆ ಆ ಚೀಲ ಗೋಡೆಯಲ್ಲೇ ಉಳಿಯುತ್ತದೆ.

ದೊಡ್ಡವನು ಬಂದ. ಮೊದಲ ಏಟಿಗೇ ನುಗ್ಗಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಕತ್ತಿಯನ್ನು ಮುಖದ ಮುಂದೆ ಹಿಡಿದು ಕಾದೆ. ಹೊಸಬರು ಸಾಯುವುದು ಕಾಯಲಾರದೆ, ನಾನು ಸತ್ತದ್ದೆಲ್ಲ ಹಾಗೆಯೇ. ಭುಜ ಎದ್ದಿತು. ಕೂಡಿದೆ, ಖಾಲಿ ಏಟಿನಲ್ಲಿ ಒಳಗೆ ಹೋದೆ, ತಾಗಿಸಿದೆ, ಹಿಂದೆ ಬಂದೆ. ಮತ್ತೆ ಭುಜ. ಮತ್ತೆ ಕೂಡಿ, ಒಳಗೆ, ಹಿಂದೆ. ಅರ್ಧ ಗೆರೆ ಇಳಿದಾಗ ಅವನು ಎಂದಿನ ಹಾಗೆ ರೊಚ್ಚಿಗೆದ್ದು ಮೇಲೆ ಬಿದ್ದ. ಇಲ್ಲೇ ನಾನು ಯಾವಾಗಲೂ ಹಿಂದೆ ಹಿಂದೆ ಸರಿದು, ಗೋಡೆ ಸಿಕ್ಕಿ, ಗಾಬರಿಯಾಗಿ ಸಾಯುತ್ತಿದ್ದೆ. ಹಿಂದೆ ಸರಿದೆ. ಬೆವರಿಗೆ ಗಾಜು ಮಂಜಾಯಿತು, ಹೊಟ್ಟೆ ದಿಂಬಂ ತಿರುವಿಗೆ ಬಂತು. ಹಿಮ್ಮಡಿಗೆ ತಣ್ಣನೆಯ ನೆಲ ತಾಗಿತು.

ಅಂಚು. ಇನ್ನು ಹಿಂದೆ ಜಾಗವಿಲ್ಲ. ಹಿಂದೆ ಇಲ್ಲ ಎಂದ ಮೇಲೆ ಇರುವುದು ಮುಂದೆ ಒಂದೇ. ನಿಂಬೆಹಣ್ಣಿನ ವಾಸನೆ ಒಮ್ಮೆ ಎಳೆದುಕೊಂಡೆ. ಅವನ ಭುಜ ಎದ್ದಿತು. ಅವನ ಕತ್ತಿಯ ಬುಡದಲ್ಲಿ ಕೂಡಿದೆ, ಮಣಿಕಟ್ಟು ಸಡಿಲ ಬಿಟ್ಟೆ, ಗೋಣಿಯ ಒರಟು ಮತ್ತೆ ಅಂಗಾಲಿಗೆ ಸಿಗುವವರೆಗೆ ಮುಂದೆ ಹೆಜ್ಜೆ ಇಟ್ಟು ಎದೆಗೆ ಒತ್ತಿದೆ. ಅವನು ಹಿಂದೆ ಸರಿದ. ಬಿಡಲಿಲ್ಲ. ಮತ್ತೊಮ್ಮೆ ಕೂಡಿ, ಮತ್ತೊಮ್ಮೆ ಒತ್ತಿದೆ. ಕೆಂಪು ಗೆರೆ ಮುಗಿಯಿತು. ದೊಡ್ಡ ತಗಡಪ್ಪ ಮಂಡಿಯೂರಿ, ಪಾತ್ರೆಯ ಅಂಗಡಿ ಉರುಳಿದ ಹಾಗೆ ಸದ್ದು ಮಾಡಿಕೊಂಡು ಮಗುಚಿದ.

ಡಬ್ಬ ತೆಗೆದಾಗ ನಡುಮನೆಯಲ್ಲಿ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಹೆಂಗಸರು ನನ್ನನ್ನು ಎತ್ತಲು ನೋಡಿ, ಆಗದೆ ಕೆಳಗಿಳಿಸಿದರು. ಮಗಳು ಅಳುತ್ತಿದ್ದಳು. ಗಂಡ ಕಾಫಿ ಲೋಟ ಹಿಡಿದು ದೂರದಿಂದಲೇ ಚಾಚಿದರು. ನಾನಂತೂ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ, ಗಂಡನಿಗೂ ಅದನ್ನು ಹೇಳಿದ್ದೇನೆ.

ತಮ್ಮ ಎದ್ದು ಹೊರಗೆ ಹೋದ. ಕೋಪ ಮಾಡಿಕೊಂಡ ಎಂದೇ ಅಂದುಕೊಂಡೆವು. ಕಣದಲ್ಲಿ ಇನ್ನೂ ಹೊಂಬಿಸಿಲು ಇರುವಾಗಲೇ ವಾಪಸು ಬಂದ, ಕೈಯಲ್ಲಿ ಆ ಬಟ್ಟೆಚೀಲ. ಕಂಸಾಳೆ ತೆಗೆದು ಕಣ್ಣಿಗೆ ಒತ್ತಿಕೊಂಡು, "ಇಡ್ಕೊ ಅಕ್ಕ" ಎಂದ. ಕಂಚು ನಾನು ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಹುರಿ ಅಪ್ಪನ ಬೆರಳಿಗೆ ಸವೆದು ಒಂದು ಕಡೆ ತೆಳ್ಳಗಾಗಿತ್ತು, ನನ್ನ ಬೆರಳು ಅಲ್ಲೇ ಕೂತಿತು.

ಕಣದಲ್ಲಿ ಸಾಲು ನಿಂತಿತು. ನನ್ನ ಎದುರಿಗೆ ತಮ್ಮ, ಬಟ್ಟಲು ಮುಂದೆ ಚಾಚಿಕೊಂಡು. ಅವನ ಭುಜ ನೋಡಿದೆ. ಅದು ಎದ್ದಿತು, ನಾನು ಬೀಸಿದೆ. ತಾಳ ಅವನ ಬಟ್ಟಲನ್ನು ದಾಟಿ, ಅರ್ಧ ಹೆಜ್ಜೆ ಒಳಗೆ ಹೋಗಿ, ಅವನ ಎದೆಗೆ ಧಪ್ಪೆಂದು ಬಡಿಯಿತು.

"ಅಯ್ಯೋ ಅಕ್ಕ! ನಾ ತಗಡಪ್ಪ ಅಲ್ಲ ಕಣಕ್ಕ! ಇಲ್ಲಿ ಗೆಲ್ಲಂಗಿಲ್ಲ, ಕೂಡಂಗ್ ಒಡಿ!"

ಸಾಲು ಪೂರ್ತಿ ಬಿದ್ದು ಬಿದ್ದು ನಕ್ಕಿತು. ಎದೆ ಉಜ್ಜಿಕೊಳ್ಳುತ್ತಾ ಅವನೂ ನಕ್ಕ. ಮತ್ತೆ ನಿಂತೆವು. ಈ ಸಲ ಕೈಯನ್ನು ಕೊಟ್ಟಿಗೆಯ ಕಾಲಕ್ಕೆ ಬಿಟ್ಟೆ. ತಾಳ ಸುತ್ತಿ ಬಂದು ಅವನ ಬಟ್ಟಲಿಗೆ ಕೂಡಿತು. ಡಬ್ಬದೊಳಗಿನ ಟಣ್ ಎಲ್ಲಿ, ಇದೆಲ್ಲಿ. ಕಂಚಿನ ನಾದ ಬಟ್ಟಲಿನಿಂದ ನನ್ನ ಮೊಣಕೈಗೆ, ಭುಜಕ್ಕೆ, ಹಲ್ಲಿಗೆ ಬಂತು. ಜಗುಲಿಯಲ್ಲಿ ಆಗ ಯಾರೂ ಇರಲಿಲ್ಲ, ಹೆಂಗಸರೆಲ್ಲ ಕಣಕ್ಕೇ ಇಳಿದು ನಿಂತಿದ್ದರು.

ಕತ್ತಲಾಗುವವರೆಗೆ ಆಡಿದೆವು. ಮುಗಿದ ಮೇಲೆ ತಮ್ಮ ಖಾಲಿ ಚೀಲವನ್ನು ಮಡಚಿ ತನ್ನ ಜೇಬಿಗೆ ಇಟ್ಟುಕೊಂಡ. ಕಂಸಾಳೆಗೆ ಕೈ ಚಾಚಲಿಲ್ಲ, ನಾನೂ ಕೊಡಲಿಲ್ಲ.

"ಸೋಮಾರ ಸಂಜೆ ಬೇಗ ಬಾ ಅಕ್ಕ" ಎಂದು ಹೇಳಿ ಹೊರಟ.